ಕಂಪನಿಗೆ ‘ಮ್ಯಾಟ್’ ಬೀಳುತ್ತದೆಯೇ? ಲೆಕ್ಕ ಹಾಕುವುದು ಹೀಗೆ

ಕುಶಾಲನಗರದಲ್ಲಿ ಒಂದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನುಗೊಳಿಸುವ) ಕಂಪನಿ ಇದೆ ಎಂದುಕೊಳ್ಳಿ. ಹೊಸ ಯಂತ್ರ ಕೂರಿಸಿದ ವರ್ಷ. ಲಾಭ–ನಷ್ಟ ಪಟ್ಟಿಯ ಲಾಭ 80 ಲಕ್ಷ ರೂಪಾಯಿ. ಆದಾಯ ತೆರಿಗೆ ಕಾಯ್ದೆಯಂತೆ ಯಂತ್ರದ ಸವಕಳಿ ಕಳೆದರೆ ತೆರಿಗೆಗೆ ಉಳಿಯುವುದು 20 ಲಕ್ಷ. ಶೇ 25ರಂತೆ ತೆರಿಗೆ 5 ಲಕ್ಷ. ಅಷ್ಟನ್ನೇ ತೆಗೆದಿಟ್ಟು ನೆಮ್ಮದಿಯಾಗಿ ಕುಳಿತ ಮಾಲೀಕರಿಗೆ ಏಟು ಬೀಳುವುದು ಇಲ್ಲೇ.

ಲಾಭ ತೋರಿಸಿ, ಲಾಭಾಂಶವನ್ನೂ ಹಂಚಿ, ತೆರಿಗೆ ಮಾತ್ರ ಕಟ್ಟದ ಕಂಪನಿಗಳಿಗಾಗಿ 1980ರ ದಶಕದ ಕೊನೆಯಲ್ಲಿ ಬಂದದ್ದು ಕನಿಷ್ಠ ತೆರಿಗೆ. 2024–25ರಲ್ಲಿ ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್, 1961ರ ಆದಾಯ ತೆರಿಗೆ ಕಾಯ್ದೆಯ 115ಜೆಬಿ ಸೆಕ್ಷನ್‌ನಲ್ಲಿತ್ತು. ಕೆಳಗಿನ ಲೆಕ್ಕ, ನಿಯಮ ಎಲ್ಲವೂ ಆ ಹಣಕಾಸು ವರ್ಷದವು.

ಮೊದಲು ‘ಪುಸ್ತಕ ಲಾಭ’ ಕಂಡುಕೊಳ್ಳಿ. ಲಾಭ–ನಷ್ಟ ಪಟ್ಟಿಯ ನಿವ್ವಳ ಲಾಭಕ್ಕೆ, ಖರ್ಚೆಂದು ಕಳೆದಿರುವ ಆದಾಯ ತೆರಿಗೆ, ಮೀಸಲು ನಿಧಿಗೆ ಹಾಕಿದ ಹಣ, ಲಾಭಾಂಶ ಇವನ್ನು ಮರಳಿ ಕೂಡಿಸಬೇಕು.

ಕಳೆಯುವ ಹಂತ ಕೊಡಗಿನವರಿಗೆ ಬಹಳ ಮುಖ್ಯ. ಕಂಪನಿಗೆ ಸ್ವಂತ ತೋಟವಿದ್ದರೆ ಅದರ ಕೃಷಿ ಆದಾಯ ಪುಸ್ತಕ ಲಾಭದಿಂದ ಹೊರಗೆ. ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 75 ಭಾಗ ಕೃಷಿಯದು, ಶೇ 25 ವ್ಯವಹಾರದ್ದು. ಹುರಿದು ಪುಡಿ ಮಾಡಿ ಮಾರಿದರೆ ಕೃಷಿ ಪಾಲು ಶೇ 60ಕ್ಕೆ ಇಳಿಯುತ್ತದೆ. ಬೇರೆಯವರಿಂದ ಕೊಂಡ ಕಾಫಿಗೆ ಈ ವಿಂಗಡಣೆಯೇ ಇಲ್ಲ. ಹಾಗಾಗಿ ತೋಟದ ಚೀಲ, ಕೊಂಡ ಚೀಲ ಎರಡಕ್ಕೂ ಏಪ್ರಿಲ್ ಒಂದರಿಂದಲೇ ಬೇರೆ ಬೇರೆ ಲೆಡ್ಜರ್ ಇಡಿ. ಮಾರ್ಚ್ ಕೊನೆಯಲ್ಲಿ ಕುಳಿತು ಬೇರ್ಪಡಿಸುತ್ತೇನೆಂದರೆ ಆಗುವ ಕೆಲಸವಲ್ಲ.

ಹಳೆಯ ನಷ್ಟದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪುಸ್ತಕದ ಪ್ರಕಾರ ಹಿಂದಿನಿಂದ ಬಂದ ನಷ್ಟ, ಹಿಂದಿನ ವರ್ಷಗಳಿಂದ ಕಳೆಯದೆ ಉಳಿದು ಬಂದ ಸವಕಳಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನಷ್ಟೇ ಕಳೆಯಬಹುದು. ನಷ್ಟ 40 ಲಕ್ಷ, ಸವಕಳಿ 10 ಲಕ್ಷವಿದ್ದರೆ ಸಿಗುವುದು 10 ಲಕ್ಷ. ಮಳೆಗೆ ನೆಲಕಚ್ಚಿ ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಕಂಪನಿಗೆ ಇದು ಕಠೋರವೇ ಸರಿ.

ಈಗ ಹೋಲಿಕೆ. ನಮ್ಮ ಕಂಪನಿಗೆ ತೋಟವೂ ಇಲ್ಲ, ಹಳೆಯ ನಷ್ಟವೂ ಇಲ್ಲ. ಪುಸ್ತಕ ಲಾಭ 80 ಲಕ್ಷವೇ. ಆ ವರ್ಷದ ಮ್ಯಾಟ್ ದರ ಅದರ ಶೇ 15, ಎಂದರೆ 12 ಲಕ್ಷ. ಸಾಮಾನ್ಯ ತೆರಿಗೆ 5 ಲಕ್ಷ. ದೊಡ್ಡದನ್ನು ಕಟ್ಟಬೇಕು: 12 ಲಕ್ಷ, ಅದರ ಮೇಲೆ ಶೇ 4ರ ಸೆಸ್.

ಸೆಸ್ ಬಿಟ್ಟು ಲೆಕ್ಕ ಹಾಕಿದರೆ, ಹೆಚ್ಚು ಕಟ್ಟಿದ 7 ಲಕ್ಷ ‘ಮ್ಯಾಟ್ ಕ್ರೆಡಿಟ್’ ಆಗಿ ಜಮೆಯಾಗುತ್ತದೆ. 2025–26ರಲ್ಲಿ ಸಾಮಾನ್ಯ ತೆರಿಗೆ 18 ಲಕ್ಷ, ಮ್ಯಾಟ್ 12 ಲಕ್ಷ ಬಂತೆನ್ನಿ. ಆಗ ಇವುಗಳ ಅಂತರವಾದ 6 ಲಕ್ಷವನ್ನು ಕ್ರೆಡಿಟ್‌ನಿಂದ ಮುರಿದುಕೊಂಡು 12 ಲಕ್ಷ ಕಟ್ಟಿದರಾಯಿತು. ಇನ್ನೂ 1 ಲಕ್ಷ ಉಳಿದಿರುತ್ತದೆ.

ಪುಸ್ತಕ ಲಾಭದ ಲೆಕ್ಕ ತೋರಿಸುವ, ಲೆಕ್ಕಪರಿಶೋಧಕರು ಪ್ರಮಾಣೀಕರಿಸಿದ 29ಬಿ ನಮೂನೆಯನ್ನು ರಿಟರ್ನ್ ಗಡುವಿಗೆ ಒಂದು ತಿಂಗಳು ಮೊದಲೇ ಸಲ್ಲಿಸಬೇಕು. ಪಾಲುದಾರಿಕೆಯ ಹೋಮ್‌ಸ್ಟೇಗಳಿಗೆ, ಸ್ವಂತ ಹೆಸರಿನಲ್ಲಿ ತೋಟ ನಡೆಸುವವರಿಗೆ ಮ್ಯಾಟ್ ಅನ್ವಯಿಸುವುದಿಲ್ಲ.

ಆ ವರ್ಷದ ನಿಯಮದಂತೆ, ಹಲವು ವಿನಾಯಿತಿ ಬಿಟ್ಟುಕೊಟ್ಟು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ 115ಬಿಎಎ ಸೆಕ್ಷನ್ ಆಯ್ಕೆ ಮಾಡಿಕೊಂಡ ಕಂಪನಿಗೂ ಮ್ಯಾಟ್ ಇರಲಿಲ್ಲ. ಅಲ್ಲಿ ಮೂಲ ದರ ಶೇ 22 ಇತ್ತು. ಆದರೆ ಒಮ್ಮೆ ಒಳಹೊಕ್ಕರೆ ಹಿಂದಿರುಗುವಂತಿರಲಿಲ್ಲ, ಬಳಸದೆ ಉಳಿದ ಮ್ಯಾಟ್ ಕ್ರೆಡಿಟ್ ಕೂಡ ಕೈಬಿಟ್ಟುಹೋಗುತ್ತಿತ್ತು. ನಮ್ಮ ಕಂಪನಿ ಮೊದಲ ವರ್ಷದ ಮ್ಯಾಟ್ ಕಟ್ಟಿದ ಮರುವರ್ಷವೇ ಅತ್ತ ಜಿಗಿದಿದ್ದರೆ ಆ 7 ಲಕ್ಷವೂ ಹೋಗುತ್ತಿತ್ತು.