ಸಮುದ್ರದ ನೀರಿಗಿಳಿಯುವ ಫೈಬರ್ ಸೆನ್ಸರಿಗೆ ಲೋಹದ ಕವಚ: ನನ್ನ ಅನುಭವ

ಕರಾವಳಿಯ ಕಾರ್ಖಾನೆಯೊಂದಕ್ಕೆ ಸಮುದ್ರದ ನೀರನ್ನು ಒಳತರುವ ಕಾಂಕ್ರೀಟ್ ಕಾಲುವೆಯಲ್ಲಿ ಉಷ್ಣತೆ ಅಳೆಯಲು ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರುಗಳನ್ನು (ಗಾಜಿನ ಎಳೆಯೊಳಗೆ ಮೂಡಿಸಿದ ಸೂಕ್ಷ್ಮ ಗೆರೆಗಳು ಒಂದು ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ, ಉಷ್ಣತೆ ಬದಲಾದಂತೆ ಆ ತರಂಗಾಂತರ ಸರಿಯುತ್ತದೆ) ಅಳವಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಗಾಜಿನ ಎಳೆಯ ಬಗ್ಗೆ ಅಲ್ಲ, ಅದನ್ನು ಕಾಯುವ ಲೋಹದ ಕವಚದ ಬಗ್ಗೆ.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಮೊದಲೇ ಬದಿಗಿಟ್ಟೆ. 316ಎಲ್ ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು 304ಕ್ಕಿಂತ ಹೆಚ್ಚಾಗಿ ಕ್ಲೋರೈಡನ್ನು, ಅಂದರೆ ಲೋಹವನ್ನು ಕೊರೆಯುವ ಸಮುದ್ರದ ಉಪ್ಪಿನ ಅಂಶವನ್ನು, ತಾಳಿಕೊಳ್ಳುತ್ತದೆ ನಿಜ. ಆದರೆ ಕ್ಲಾಂಪಿನ ಅಡಿಯಲ್ಲೋ, ಮೈಗಂಟಿಕೊಂಡ ಚಿಪ್ಪುಜೀವಿಗಳ ಕೆಳಗೋ ನೀರು ಸಿಕ್ಕಿಕೊಂಡರೆ ಅಲ್ಲಿ ಆಮ್ಲಜನಕ ಮುಗಿದು, ಕ್ಲೋರೈಡ್ ಶೇಖರವಾಗಿ, ಆಮ್ಲೀಯತೆ ಏರಿ, ಲೋಹದ ರಕ್ಷಣಾ ಪದರವೇ ಒಡೆಯುತ್ತದೆ. ತೆಳು ಗೋಡೆಯ ಕೊಳವೆಗೆ ಸೂಜಿಮೊನೆಯಷ್ಟು ತೂತಾದರೂ ಸಾಕು, ನೀರು ಒಳನುಗ್ಗುತ್ತದೆ. ಹೇಸ್ಟೆಲಾಯ್ ಸಿ-276 ಎಂಬ ನಿಕಲ್ ಮಿಶ್ರಲೋಹ ಬಲವಾದ ಆಮ್ಲಗಳಿರುವ ಜಾಗಕ್ಕೆ ಸರಿ, ಈ ಕಾಲುವೆಗೆ ಅಷ್ಟು ಖರ್ಚು ಬೇಕಿರಲಿಲ್ಲ. ನಾನು ಆರಿಸಿಕೊಂಡದ್ದು ಗ್ರೇಡ್ 2 ಟೈಟಾನಿಯಂ, ಅಂದರೆ ಬೇರೆ ಲೋಹ ಬೆರೆಸದ ದರ್ಜೆ. ಸಾಮಾನ್ಯ ಉಷ್ಣತೆಯ ಸಮುದ್ರದ ನೀರಿನಲ್ಲಿ ಅದಕ್ಕೆ ಇಂಥ ಸಂದುಗಳ ಭಯವಿಲ್ಲ.

ಲೋಹದ ಹಿಗ್ಗುವಿಕೆಯೂ ಲೆಕ್ಕಕ್ಕೆ ಬರುತ್ತದೆ. 1550 ನ್ಯಾನೋಮೀಟರ್ ಸುಮಾರಿನಲ್ಲಿ ಬರಿಯ ಗ್ರೇಟಿಂಗಿನ ತರಂಗಾಂತರ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಎಳೆಯನ್ನು 316ಎಲ್ ಕೊಳವೆಗೆ ಉದ್ದಕ್ಕೂ ಅಂಟಿಸಿದರೆ ಲೋಹ ಹಿಗ್ಗಿ ಎಳೆಯುವುದರಿಂದ ಈ ಸರಿಯುವಿಕೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ, ಟೈಟಾನಿಯಂ ಆದರೆ ಎರಡು ಪಟ್ಟು. ಆಗ ಅಂಟು ಸ್ವಲ್ಪ ಜಾರಿದರೂ ಅಳತೆ ತಪ್ಪುತ್ತದೆ. ಆದ್ದರಿಂದ ಎಳೆಯ ಒಂದು ತುದಿಯನ್ನು ಮಾತ್ರ ಹಿಡಿದಿಟ್ಟು, ಗ್ರೇಟಿಂಗ್ ಇರುವ ಭಾಗವನ್ನು ಕೊಳವೆಯೊಳಗೆ ಸಡಿಲವಾಗಿಯೇ ಬಿಟ್ಟೆ.

ಬೆಸುಗೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಬಿಸಿಯಾದ ಟೈಟಾನಿಯಂ ಗಾಳಿಯನ್ನು ಹೀರಿ ಪೆಡಸಾಗುವುದರಿಂದ ಕೊಳವೆಯ ಹೊರಗೂ ಒಳಗೂ ಆರ್ಗಾನ್ ಹರಿಯುತ್ತಿರಬೇಕು. ಬೆಸುಗೆ ಬೆಳ್ಳಿಯಂತೆ ಹೊಳೆದರೆ ಒಪ್ಪುತ್ತೇನೆ. ನೀಲಿಯೋ ಬೂದಿಬಣ್ಣವೋ ಕಂಡರೆ ಆ ತುಂಡನ್ನು ಕತ್ತರಿಸಿ ತೆಗೆಸುತ್ತೇನೆ. ಕಾಲುವೆಯ ಕಬ್ಬಿಣದ ಚೌಕಟ್ಟಿಗೆ ಟೈಟಾನಿಯಂ ನೇರವಾಗಿ ತಾಗಿದರೆ ತುಕ್ಕು ಹಿಡಿಯುವುದು ಕಬ್ಬಿಣಕ್ಕೆ, ಹಾಗಾಗಿ ನಡುವೆ ಕೊಳವೆಯ ಸುತ್ತ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದೆ.

ಕೇಬಲ್ ಹೊರಬರುವ ತುದಿಯ ಬಗ್ಗೆ ಬಹಳ ಮಂದಿ ಯೋಚಿಸುವುದೇ ಇಲ್ಲ. ಅದನ್ನು ಮುಚ್ಚಲು ಬಳಸುವ ಎಪಾಕ್ಸಿ ಅಂಟು ನಿಧಾನವಾಗಿ ನೀರು ಹೀರುತ್ತದೆ; ಗಾಜಿನ ಸೀಲಿಗೆ ಬಳಸುವ ಕೋವಾರ್ ಮಿಶ್ರಲೋಹದಲ್ಲಿ ಕ್ರೋಮಿಯಂ ಇಲ್ಲದ ಕಾರಣ ಉಪ್ಪುನೀರಿನಲ್ಲಿ ಅದಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೊಳವೆಯನ್ನೇ ಉದ್ದ ಮಾಡಿ, ಅಲೆಯ ಸಿಡಿತ ತಲುಪದ ಎತ್ತರದ ಜಂಕ್ಷನ್ ಪೆಟ್ಟಿಗೆಯೊಳಗೆ ಆ ತುದಿಯನ್ನು ಮುಗಿಸಿದೆ.