ಸಹಿ ಊರಿನವರದು: ಇಥಿಯೋಪಿಯದ ಬಾವಿ ಕೆಲಸದಲ್ಲಿ ನನ್ನ ಅನುಭವ

ವಿದೇಶಿ ನೆರವು ಅಂದ ಕೂಡಲೇ ಎಷ್ಟು ಕೋಟಿ ಅಂತ ಕೇಳುವವರೇ ಜಾಸ್ತಿ. ಆ ದುಡ್ಡು ಬ್ಯಾಂಕಿನಿಂದ ತೆಗೆಯೋಕೆ ಯಾರ ಸಹಿ ಬೇಕಿತ್ತು ಅಂತ ಯಾರೂ ಕೇಳುವುದಿಲ್ಲ. ಇಥಿಯೋಪಿಯದ ಅಮ್ಹಾರಾ ಪ್ರಾಂತ್ಯದಲ್ಲಿ, ಫಿನ್ಲೆಂಡ್ ಸರ್ಕಾರದ ನೆರವಿನ ಕುಡಿಯುವ ನೀರಿನ ಯೋಜನೆಯಲ್ಲಿ ದುಡಿದ ಮೇಲೆ ನಾನು ಮೊದಲು ಕೇಳುವುದೇ ಅದನ್ನು.

ಫಿನ್ಲೆಂಡ್ ಅಲ್ಲಿ ಹಳ್ಳಿ ನೀರಿನ ಕೆಲಸಕ್ಕೆ ಕೈ ಹಾಕಿದ್ದು 1994ರಲ್ಲಿ. 2003ರ ಸುಮಾರಿಗೆ ಹೊಸ ಪದ್ಧತಿ ಬಂತು. ಬಾವಿಗೆ ಮಂಜೂರಾದ ಹಣ ಕಚೇರಿಯಲ್ಲಿ ಉಳಿಯದೆ, ಪ್ರಾಂತ್ಯದ ಕಿರುಸಾಲ ಸಂಸ್ಥೆಯಲ್ಲಿ ಊರಿನವರ ಹೆಸರಲ್ಲೇ ತೆರೆದ ಖಾತೆಗೆ ಹೋಗುತ್ತಿತ್ತು, ತೆಗೆಯೋಕೆ ಊರಿನ ನೀರಿನ ಸಮಿತಿಯ ಸಹಿ ಬೇಕಿತ್ತು. 2011ರಲ್ಲಿ ಶುರುವಾದ ಕೋವಾಶ್, ಅಂದರೆ ಊರಿನವರೇ ಮುಂದೆ ನಿಂತು ನಡೆಸುವ ನೀರು-ನೈರ್ಮಲ್ಯ ಯೋಜನೆ, ಇದನ್ನು ಬೇರೆ ಪ್ರಾಂತ್ಯಗಳಿಗೂ ಒಯ್ದಿತು. ಅದರಲ್ಲಿ ಫಿನ್ಲೆಂಡ್ ದುಡ್ಡು ಹೆಚ್ಚಾಗಿ ತರಬೇತಿಗೆ, ಉಸ್ತುವಾರಿಗೆ. ಬಾವಿ ಕಟ್ಟಿಸುವ ಖರ್ಚಿನ ದೊಡ್ಡ ಪಾಲು ಇಥಿಯೋಪಿಯ ಸರ್ಕಾರದ್ದೇ. ಕಲ್ಲು, ಮರಳು, ಮೈಮುರಿದು ದುಡಿಯುವುದು ಊರಿನವರದು.

ನನ್ನ ಕೆಲಸ ವೊರೆಡಾ ಮಟ್ಟದಲ್ಲಿ, ಅಂದರೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಊರಿನ ನೀರಿನ ಸಮಿತಿಗೆ ಲೆಕ್ಕ ಬರೆಯೋದು, ಸಾಮಾನು ಕೊಳ್ಳೋದು ಹೇಳಿಕೊಡಬೇಕಿತ್ತು. ಸಮಿತಿಯಲ್ಲಿ ಹೆಂಗಸರು ಇರಲೇಬೇಕು. ಓದು ಬಾರದವರೇ ಜಾಸ್ತಿ, ಹಾಗಾಗಿ ಪುಸ್ತಕಕ್ಕಿಂತ ಮೊದಲು ರಸೀದಿಗಳನ್ನು ನೆಲದ ಮೇಲೆ ಹರಡಿ, ಸಿಮೆಂಟಿನದು ಒಂದು ಕಡೆ, ಕಬ್ಬಿಣದ್ದು ಒಂದು ಕಡೆ, ಮೇಸ್ತ್ರಿ ಕೂಲಿಯದು ಇನ್ನೊಂದು ಕಡೆ ಅಂತ ಜೋಡಿಸಿ, ಖಾತೆಯಲ್ಲಿ ಉಳಿದ ಬಿರ್ (ಅಲ್ಲಿನ ರೂಪಾಯಿ ಅನ್ನಿ) ಎಷ್ಟು ಅಂತ ಅವರೇ ಹೇಳುವ ತನಕ ಕೂರುತ್ತಿದ್ದೆ. ಸಿಮೆಂಟ್ ಅಂಗಡಿಯಲ್ಲಿ ಅವರು ಚೌಕಾಸಿ ಮಾಡುವುದನ್ನು ನೀವು ನೋಡಬೇಕಿತ್ತು. ಒಳಗೆ ಸಿಮೆಂಟ್ ಗಟ್ಟಿ ಕಟ್ಟಿ ಕೆಟ್ಟಿದೆಯಾ ಅಂತ ಒಂದೊಂದು ಚೀಲವನ್ನೂ ಒತ್ತಿ ನೋಡಿಯೇ ಕತ್ತೆಯ ಮೇಲೆ ಹೇರಿಸುತ್ತಿದ್ದರು. ಕಂತು ಕಂತಾಗಿ ಹಣ ಬರುತ್ತಿತ್ತು, ಮೊದಲ ಕಂತಿನ ಲೆಕ್ಕವನ್ನು ಊರ ಸಭೆಯಲ್ಲಿ ಓದದೆ ಎರಡನೆಯದು ಇರಲಿಲ್ಲ.

ಈ ಪದ್ಧತಿಯ ದೊಡ್ಡ ಲಾಭ ಹೊರಗಿನವರಿಗೆ ಕಾಣುವುದೇ ಇಲ್ಲ. ಇಥಿಯೋಪಿಯದ ಆರ್ಥಿಕ ವರ್ಷ ಮುಗಿಯುವುದು ಜುಲೈ 7ಕ್ಕೆ. ಬಾವಿ ತೋಡೋಕೆ ಒಳ್ಳೆ ಕಾಲ ಅಂದರೆ ಮಳೆಗೆ ಮುಂಚೆ, ನೀರು ತಳ ಕಂಡಿರುವಾಗ. ಆಗ ನೀರು ಸಿಕ್ಕಿದರೆ ಆ ಬಾವಿ ಬೇಸಿಗೆಯಲ್ಲಿ ಬತ್ತುವ ಭಯ ಕಡಿಮೆ. ಆದರೆ ಜೂನ್‌ನಲ್ಲಿ ದೊಡ್ಡ ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ಕಚೇರಿಯಲ್ಲಿ ಉಳಿದ ಹಣ ವರ್ಷದ ಕೊನೆಗೆ ಖಜಾನೆಗೆ ವಾಪಸ್. ಊರಿನ ಖಾತೆಗೆ ಹೋದ ಹಣ ಹಾಗೆ ವಾಪಸ್ ಹೋಗುವುದಿಲ್ಲ. ಮಳೆ ಮುಗಿದ ಮೇಲೆ ಅದೇ ದುಡ್ಡಿನಲ್ಲಿ ಬಾವಿಗೆ ಸಿಮೆಂಟ್ ಉಂಗುರ ಇಳಿಸಿ ಪಂಪ್ ಕೂರಿಸಬಹುದು.

ಪಂಪ್ ಬಗ್ಗೆ ಎರಡು ಮಾತು ಹೇಳಲೇಬೇಕು. ರಾಯಚೂರು ಕಡೆ ನಾನು ಇಂಡಿಯಾ ಮಾರ್ಕ್ 2 ಕೈಪಂಪಿನ ಬೋರಿಂಗ್‌ಗಳಲ್ಲಿ ಕೈ ಪಳಗಿಸಿಕೊಂಡವನು. ಅದು ಗಟ್ಟಿ ಪಂಪು, ಆದರೆ ವಾಷರ್ ಹೋದರೂ ಪೈಪನ್ನೆಲ್ಲ ಮೇಲೆತ್ತೋಕೆ ಮೆಕ್ಯಾನಿಕ್ ತಂಡವೇ ಬರಬೇಕು. ಇಥಿಯೋಪಿಯದಲ್ಲಿ ನಾವು ಹಾಕುತ್ತಿದ್ದದ್ದು ಅಫ್ರಿಡೆವ್ ಅನ್ನೋ ಕೈಪಂಪು. ರಾಡುಗಳು ಒಂದಕ್ಕೊಂದು ಕೊಕ್ಕೆಯಲ್ಲಿ ಸೇರಿಕೊಳ್ಳುತ್ತವೆ, ಪೈಪ್ ಮುಟ್ಟದೆ ಕೈಯಲ್ಲೇ ಮೇಲೆಳೆಯಬಹುದು. ಒಂದು ಸ್ಪ್ಯಾನರ್ ಸಾಕು. ಸಮಿತಿಯ ಇಬ್ಬರು ಹೆಂಗಸರು ಯು-ಸೀಲ್, ಅಂದರೆ ಒಳಗಿನ ರಬ್ಬರ್ ವಾಷರ್, ಬದಲಾಯಿಸಿ ಮತ್ತೆ ನೀರು ಬರಿಸಿದಾಗ ನನಗೆ ನಿಜಕ್ಕೂ ಹೆಮ್ಮೆ ಅನ್ನಿಸಿತ್ತು.

ಹಾಗಂತ ಎಲ್ಲ ಸರಿಯಿದೆ ಅಂತಲ್ಲ. ಆ ಸೀಲ್ ಸಿಗಬೇಕಲ್ಲ? ಬೆಲೆ ತೀರಾ ಕಮ್ಮಿ, ಬಿಡಿಭಾಗ ಮಾರಿ ಯಾವ ಅಂಗಡಿಯವನ ಹೊಟ್ಟೆಯೂ ತುಂಬುವುದಿಲ್ಲ, ಅದಕ್ಕೇ ಇಡುವುದಿಲ್ಲ. ಹಾಗಾಗಿ ಮನೆಮನೆಯಿಂದ ತಿಂಗಳು ತಿಂಗಳು ಎತ್ತಿದ ದುಡ್ಡು ಖಾತೆಯಲ್ಲಿದ್ದರೂ ಪಂಪ್ ಸುಮ್ನೆ ನಿಂತಿರುತ್ತದೆ. ಇನ್ನೊಂದು, ಈ ಪದ್ಧತಿಗೆ ಬ್ಯಾಂಕು ಬೇಕೇ ಬೇಕು. 2020ರ ನವೆಂಬರ್‌ನಲ್ಲಿ ಇಥಿಯೋಪಿಯದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧ ಶುರುವಾಗಿ ಅಲ್ಲಿ ಬ್ಯಾಂಕುಗಳು ಮುಚ್ಚಿದವು. ಆಗ ಸಮಿತಿಯ ಸಹಿ ಇಟ್ಟುಕೊಂಡು ಮಾಡುವುದೇನು? ಮುಂದೆ ಇಂಥ ಯೋಜನೆ ಬರೆಯುವವರು ಕೊನೇಪಕ್ಷ ಒಂದು ವರ್ಷಕ್ಕೆ ಸಾಕಾಗುವಷ್ಟು ಸೀಲ್, ಬುಷ್‌ಗಳನ್ನು ಪಂಪಿನ ಜೊತೆಗೇ ಊರಿಗೆ ಕೊಡಿಸಬೇಕು, ಆ ಖರ್ಚನ್ನು ಮೊದಲ ಕಂತಿನಲ್ಲೇ ಸೇರಿಸಬೇಕು.