ಬೋರ್‌ವೆಲ್ ನೀರು, ಹಿತ್ತಲ ಪೂಲ್: ನಾನು ಅಳೆಯುವುದು ಏನನ್ನು, ಹಾಕುವುದು ಎಷ್ಟು

ಬೆಂಗಳೂರಿನ ಹೊರವಲಯದಲ್ಲಿ, ಕನಕಪುರ ರಸ್ತೆಯ ಕಡೆ ಇರುವ ನಮ್ಮ ಮನೆಯ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ. ಒಟ್ಟು ಸುಮಾರು 42,000 ಲೀಟರ್ ನೀರು. ಈ ಸಂಖ್ಯೆಯನ್ನು ಪಂಪ್ ಕೋಣೆಯ ಬಾಗಿಲಿನ ಒಳಗಡೆ ಬರೆದಿಟ್ಟಿದ್ದೇನೆ, ಏಕೆಂದರೆ ಮುಂದಿನ ಎಲ್ಲ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ. ನಿಮ್ಮ ಪೂಲ್ ಇದರ ಅರ್ಧವಿದ್ದರೆ ಕೆಳಗಿನ ಪ್ರಮಾಣಗಳನ್ನೂ ಅರ್ಧ ಮಾಡಿಕೊಳ್ಳಿ.

ನಮ್ಮ ಕಡೆ ಪೂಲ್ ಕ್ಲೀನ್ ಮಾಡಲು ಬರುವವರು ಸಾಮಾನ್ಯವಾಗಿ ನೋಡುವುದು ಎರಡನ್ನೇ: ಕ್ಲೋರಿನ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ). ಆದರೆ ನೀರು ಕೆಡುವುದು ಹೆಚ್ಚಾಗಿ ಅವರು ಅಳೆಯದ ಇನ್ನೆರಡರಿಂದ. ಒಂದು ಸಯನೂರಿಕ್ ಆಸಿಡ್, ಇನ್ನೊಂದು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣ.

ಸಯನೂರಿಕ್ ಆಸಿಡ್ಡನ್ನು ನಾವು ಬೇರೆಯಾಗಿ ಕೊಂಡು ಹಾಕುವುದಿಲ್ಲ. ಅಂಗಡಿಯವರು ಟಿಸಿಸಿಎ 90 ಎಂದು ಕೊಡುವ ಬಿಳಿ ಕ್ಲೋರಿನ್ ಮಾತ್ರೆಯಲ್ಲೇ ಅದು ಕೂತಿರುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ, ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯುತ್ತದೆ. 30ರಿಂದ 50 ಪಿಪಿಎಂ ಸಾಕು (1 ಪಿಪಿಎಂ ಎಂದರೆ ಲೀಟರ್ ನೀರಿಗೆ 1 ಮಿಲಿಗ್ರಾಂ). ತೊಂದರೆ ಏನೆಂದರೆ ಕ್ಲೋರಿನ್ ದಿನವೂ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ಟಿಸಿಸಿಎಯಿಂದ 1 ಪಿಪಿಎಂ ಕ್ಲೋರಿನ್ ಏರಿಸಿದಾಗಲೆಲ್ಲ 0.6 ಪಿಪಿಎಂ ಸಯನೂರಿಕ್ ಆಸಿಡ್ ನೀರಿನಲ್ಲೇ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಹಾಕಿದರೆ ತಿಂಗಳಿಗೆ 36, ಮೂರು ತಿಂಗಳಿಗೆ ನೂರು ದಾಟುತ್ತದೆ. ಆ ಮಟ್ಟಕ್ಕೆ ಹೋದಾಗ ಕ್ಲೋರಿನ್ನಿನ ಬಹುಪಾಲು ಅದಕ್ಕೆ ಅಂಟಿಕೊಂಡಿರುತ್ತದೆ. ಟೆಸ್ಟ್ ಕಿಟ್ 3 ಪಿಪಿಎಂ ತೋರಿಸುತ್ತದೆ, ಮೆಟ್ಟಿಲ ಮೂಲೆಯಲ್ಲಿ ಪಾಚಿ ಮಾತ್ರ ಹಾಯಾಗಿ ಬೆಳೆಯುತ್ತಿರುತ್ತದೆ. "ಕ್ಲೋರಿನ್ ಸರಿಯಾಗೇ ಇದೆ, ಆದರೂ ಹಸಿರಾಗ್ತಿದೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಎಷ್ಟು ತಿಂಗಳಿಂದ ಮಾತ್ರೆ ಹಾಕುತ್ತಿದ್ದೀರಿ ಎಂದು.

ಇದನ್ನು ಅಳೆಯುವುದು ಸುಲಭ. ಪೂಲ್ ನೀರು ಮತ್ತು ಮೆಲಮಿನ್ ದ್ರಾವಣ ಸಮಪ್ರಮಾಣದಲ್ಲಿ ಬೆರೆಸಿ ಅರ್ಧ ನಿಮಿಷ ಕುಲುಕಿದರೆ ನೀರು ಹಾಲುಹಾಲಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆಯಿರುವ ಗಾಜಿನ ಕೊಳವೆಗೆ ಅದನ್ನು ನಿಧಾನವಾಗಿ ಸುರಿಯಬೇಕು. ಮೇಲಿಂದ ನೋಡಿದಾಗ ಚುಕ್ಕೆ ಮರೆಯಾಗುವ ಗೆರೆಯೇ ಉತ್ತರ. ಬಿಸಿಲಿಗೆ ಬೆನ್ನು ಮಾಡಿ ನಿಂತು, ಕೊಳವೆಯನ್ನು ಸೊಂಟದ ಎತ್ತರದಲ್ಲಿ ನೆರಳಿನಲ್ಲಿ ಹಿಡಿದು ನೋಡಿ. ನೇರ ಬಿಸಿಲಿನಲ್ಲಿ ಒಂದು ಓದು, ನೆರಳಿನಲ್ಲಿ ಇನ್ನೊಂದು ಬರುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಹೆಚ್ಚಾದರೆ ಇಳಿಸಲು ಪುಡಿ, ದ್ರಾವಣ ಎಂದು ಹುಡುಕಬೇಡಿ. ನೀರು ಬದಲಿಸುವುದೊಂದೇ ದಾರಿ: 120 ಇದ್ದದ್ದು 60 ಆಗಬೇಕಾದರೆ ಅರ್ಧ ನೀರು ಹೋಗಬೇಕು, ಅಂದರೆ 6,000 ಲೀಟರಿನ ಮೂರೂವರೆ ಟ್ಯಾಂಕರ್. ಹಾಗಾಗಿ ನಾನು ವರ್ಷವನ್ನು ಎರಡು ಮಾಡಿಕೊಂಡಿದ್ದೇನೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜೋರು, ಪೂಲ್ ತುಂಬಿ ಹರಿದು ನೀರು ತಾನಾಗಿಯೇ ಬದಲಾಗುತ್ತಿರುತ್ತದೆ. ಆಗ ಟಿಸಿಸಿಎ ಬಳಸುತ್ತೇನೆ, 1 ಪಿಪಿಎಂಗೆ 47 ಗ್ರಾಂ. ಸಯನೂರಿಕ್ ಆಸಿಡ್ 40ಕ್ಕೆ ಬಂದ ಕೂಡಲೇ ಮಾತ್ರೆ ನಿಲ್ಲಿಸಿ ಸೋಡಿಯಂ ಹೈಪೋಕ್ಲೋರೈಟ್ ದ್ರವಕ್ಕೆ (ಚಿಕ್ಕದಾಗಿ ಹೈಪೋ) ಬದಲಾಗುತ್ತೇನೆ. 10% ದ್ರವವಾದರೆ 1 ಪಿಪಿಎಂಗೆ ಸುಮಾರು 420 ಮಿಲಿ. ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರ್ ಬೇಕಾಗುತ್ತದೆ. ಬೆಳಗ್ಗೆ ಹಾಕಿದರೆ ಮಧ್ಯಾಹ್ನದೊಳಗೆ ಬಿಸಿಲು ಒಂದು ಪಾಲು ತಿಂದುಹಾಕುತ್ತದೆ, ಆದ್ದರಿಂದ ಸಂಜೆ ಸೂರ್ಯ ಇಳಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಬರುವ ಇನ್‌ಲೆಟ್ ಮುಂದೆ ಸುರಿಯುತ್ತೇನೆ. ಕ್ಯಾನಿನಲ್ಲಿ ಕೂತಲ್ಲೇ ಈ ದ್ರವದ ಶಕ್ತಿ ಕುಂದುತ್ತದೆ, ಅದರಲ್ಲೂ ತಗಡಿನ ಶೆಡ್ಡಿನ ಬಿಸಿಗೆ ಇನ್ನೂ ಬೇಗ. ಎರಡು ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ ತನ್ನಿ.

ಬ್ಲೀಚಿಂಗ್ ಪೌಡರ್ ಅಗ್ಗ ಅಂತ ಸುರಿಯುವವರಿದ್ದಾರೆ. ಅದರಲ್ಲಿ ಕ್ಲೋರಿನ್ ಮೂರರಲ್ಲಿ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಸುಣ್ಣ. ನೀರು ಮಬ್ಬಾಗುತ್ತದೆ, ಗಡಸುತನ ಏರುತ್ತದೆ, ಮರಳಿನ ಫಿಲ್ಟರ್ ಗಟ್ಟಿಯಾಗುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಸುಣ್ಣದ ಕೊರತೆ ಎಂದೂ ಇಲ್ಲ.

ಆ ಗಡಸುತನದ ಲೆಕ್ಕ ನೋಡಿ. ನಮ್ಮ ಬೋರ್‌ವೆಲ್ಲಿನ ನೀರಿನ ಗಡಸುತನ 480 ಪಿಪಿಎಂ. ಮಾರ್ಚ್, ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ, 32 ಚದರ ಮೀಟರಿಗೆ 160 ಲೀಟರ್. ಆವಿಯ ಜತೆ ಸುಣ್ಣ ಹೋಗುವುದಿಲ್ಲ, ಆದರೆ ತುಂಬಿಸಿದ 160 ಲೀಟರಿನ ಜತೆ ಸುಮಾರು 77 ಗ್ರಾಂ ಬರುತ್ತದೆ. ತಿಂಗಳಿಗೆ 2.3 ಕೆ.ಜಿ. ಪೂಲಿನ ಗಡಸುತನ ತಿಂಗಳಿಗೆ 55 ಪಿಪಿಎಂ ಏರುತ್ತದೆ. ನೀರಿನ ಗೆರೆಯ ಟೈಲ್ಸ್ ಮೇಲೆ ಕೂರುವ ಬಿಳಿ ಪಟ್ಟೆ, ಇನ್‌ಲೆಟ್ ಬಾಯಲ್ಲಿ ಕಟ್ಟುವ ಗಡ್ಡೆ, ಕೈಗೆ ಮರಳುಕಾಗದದಂತೆ ತಾಗುವ ಗೋಡೆ ಎಲ್ಲ ಇದರದ್ದೇ. ಅದಕ್ಕೆ ತಾರಸಿಯ ಮಳೆನೀರಿನ ಪೈಪನ್ನು, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ವಾಲ್ವ್ ಮತ್ತು ಜಲ್ಲಿ ಫಿಲ್ಟರ್ ಮೂಲಕ, ಒಂದು ನೆಲದಡಿಯ ತೊಟ್ಟಿಗೆ ತಿರುಗಿಸಿದ್ದೇನೆ. 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,700 ಲೀಟರಿನಷ್ಟು ಮೆದು ನೀರು ಸಿಗುತ್ತದೆ. ಬೇಸಿಗೆಯ ಟಾಪ್‌ಅಪ್‌ಗೆ ಇದಕ್ಕಿಂತ ಒಳ್ಳೆಯ ನೀರು ಇಲ್ಲ.

ಗಡಸು ನೀರನ್ನು ಸುಣ್ಣ ಕಟ್ಟದಂತೆ ಇಟ್ಟುಕೊಳ್ಳುವ ಉಪಾಯ ಪಿಎಚ್ 7.4ರಿಂದ 7.6, ಕ್ಷಾರೀಯತೆ (ಆಸಿಡ್ಡನ್ನು ತಡೆದು ಪಿಎಚ್ ಅನ್ನು ಸ್ಥಿರವಾಗಿಡುವ ಶಕ್ತಿ) 60ರಿಂದ 80 ಪಿಪಿಎಂ. ಬೋರ್‌ವೆಲ್ ನೀರು ತುಂಬಿದ ಹೊಸದರಲ್ಲಿ ಕ್ಷಾರೀಯತೆ 250 ಇತ್ತು. ಅದನ್ನು 10 ಪಿಪಿಎಂ ಇಳಿಸಲು 32% ಹೈಡ್ರೋಕ್ಲೋರಿಕ್ ಆಸಿಡ್ 820 ಮಿಲಿ ಬೇಕು. 80ಕ್ಕೆ ತರಲು ಒಟ್ಟು 14 ಲೀಟರ್! ಒಂದೇ ದಿನ ಸುರಿದರೆ ಗ್ರೌಟ್ ಕರಗುತ್ತದೆ, ಹೀಟರ್ ಇದ್ದರೆ ಅದರ ತಾಮ್ರವೂ ಸವೆಯುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್, ಪಿಎಚ್ 7.2ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡು ಹಾಕಿ. ಇನ್‌ಲೆಟ್‌ಗಳ ಮೂತಿಯನ್ನು ಮೇಲಕ್ಕೆ ತಿರುಗಿಸಿ ನೀರು ಚಿಮ್ಮುವಂತೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ತಾನೇ ಏರುತ್ತದೆ, ಕ್ಷಾರೀಯತೆ ಏರುವುದಿಲ್ಲ. ಮರುದಿನ ಮತ್ತೆ ಆಸಿಡ್. ಹತ್ತು ಹನ್ನೆರಡು ದಿನದ ಕೆಲಸ. ಮಳೆಗಾಲದಲ್ಲಿ ಕಥೆ ಉಲ್ಟಾ: ಮಳೆನೀರು ಕ್ಷಾರೀಯತೆಯನ್ನು ತೆಳುವಾಗಿಸುತ್ತದೆ, ಪಿಎಚ್ ಸಣ್ಣದಕ್ಕೂ ಏರುಪೇರಾಗುತ್ತದೆ. ಆಗ ಅಡುಗೆ ಸೋಡಾ 700 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ.

ಆಸಿಡ್ಡನ್ನು ಯಾವಾಗಲೂ ಬಕೆಟ್ಟಿನ ನೀರಿಗೆ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಹೈಪೋ ಅಳೆದ ಮಗ್ಗಿನಲ್ಲಿ ಆಸಿಡ್ ಅಳೆದರೆ ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ. ನನ್ನಲ್ಲಿ ಎರಡಕ್ಕೂ ಬೇರೆ ಬಣ್ಣದ ಮಗ್, ಬೇರೆ ಬೇರೆ ಗೂಡು. ಟಿಸಿಸಿಎ ಮಾತ್ರೆಯೂ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಹರಳೂ ಎಂದೂ ಸೇರಬಾರದು, ಒಂದರ ಪುಡಿ ಉಳಿದ ಡಬ್ಬಿಗೆ ಇನ್ನೊಂದನ್ನು ಹಾಕಿದರೂ ಬೆಂಕಿ ಹತ್ತಬಹುದು, ಸಿಡಿಯಬಹುದು.

ಹೊಸ ಬೋರ್‌ವೆಲ್ ನೀರು ತುಂಬುವ ಮುನ್ನ ಒಂದು ಬಕೆಟ್ ಪರೀಕ್ಷೆ ಮಾಡಿ. 20 ಲೀಟರ್ ನೀರಿಗೆ ಒಂದು ಚಮಚ ಹೈಪೋ ಹಾಕಿ ಗಂಟೆ ಬಿಡಿ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿದರೆ ಕಬ್ಬಿಣವಿದೆ. ಅಂಥ ನೀರಿಗೆ ಪೂಲಿನಲ್ಲಿ ಕ್ಲೋರಿನ್ ಹಾಕಿ ಬಣ್ಣ ಪೂರ್ತಿ ಹೊರಬಂದ ಮೇಲೆ 1 ಕೆ.ಜಿ. ಆಲಂ (ಪಟಿಕ) ಕರಗಿಸಿ ಸುರಿದು, ಎರಡು ಗಂಟೆ ಮಲ್ಟಿಪೋರ್ಟನ್ನು (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ನೀರು ಮರಳಿನ ಮೂಲಕ ಹೋಗದ ರೀಸರ್ಕ್ಯುಲೇಟ್‌ನಲ್ಲಿಟ್ಟು ಓಡಿಸಿ, ರಾತ್ರಿಯಿಡೀ ಪಂಪ್ ನಿಲ್ಲಿಸುತ್ತೇನೆ. ಬೆಳಗ್ಗೆ ತಳದಲ್ಲಿ ಮೋಡದಂತೆ ಕೂತದ್ದನ್ನು, ನೀರು ನೇರ ಹೊರಗೆ ಹೋಗುವ ವೇಸ್ಟ್‌ನಲ್ಲೇ ವ್ಯಾಕ್ಯೂಮ್ ಮಾಡಬೇಕು. ಫಿಲ್ಟರ್ ಮೂಲಕ ಎಳೆದರೆ ಮರಳು ಅಂಟಂಟಾಗುತ್ತದೆ.

ಫಿಲ್ಟರ್ 600 ಮಿ.ಮೀ. ವ್ಯಾಸದ್ದು, ಸುಮಾರು 150 ಕೆ.ಜಿ. ಸಿಲಿಕಾ ಮರಳು. ಬೇಸಿಗೆಯಲ್ಲಿ ಪಂಪ್ ದಿನಕ್ಕೆ 8 ಗಂಟೆ ಓಡುತ್ತದೆ, ಬೆಳಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು. ಶುದ್ಧವಾಗಿದ್ದಾಗಿನ ಗೇಜ್ ಓದನ್ನು ಮಾರ್ಕರ್‌ನಲ್ಲಿ ಗುರುತಿಸಿಡಿ. ಅದಕ್ಕಿಂತ ಅರ್ಧ ಬಾರ್ ಏರಿದರೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವುದು. ವಾರಕ್ಕೊಮ್ಮೆ ಎಂದು ಪಂಚಾಂಗ ನೋಡಿ ಮಾಡುವುದು ನೀರು ದಂಡ, ಸ್ವಲ್ಪ ಕೊಳೆ ಹಿಡಿದ ಮರಳೇ ಚೆನ್ನಾಗಿ ಸೋಸುತ್ತದೆ. ಹೊರಹೋಗುವ ನೀರು ಕಾಣುವ ಸೈಟ್‌ಗ್ಲಾಸ್‌ನಲ್ಲಿ ಮೊದಲು ಕೆಂಪುಮಣ್ಣಿನ ನೀರು, ಆಮೇಲೆ ತಿಳಿ, ಎರಡು ಮೂರು ನಿಮಿಷ. ನಂತರ 40 ಸೆಕೆಂಡ್ ರಿನ್ಸ್. ಇದನ್ನು ಬಿಟ್ಟರೆ ಉಳಿದ ಧೂಳು ಇನ್‌ಲೆಟ್‌ನಿಂದ ಪೂಲಿಗೇ ಬರುತ್ತದೆ. ಪಂಪ್ ಆಫ್ ಮಾಡದೆ ಮಲ್ಟಿಪೋರ್ಟ್ ಹಿಡಿ ತಿರುಗಿಸಬೇಡಿ. ಒಳಗಿನ ಚಕ್ರದ ಕಡ್ಡಿಯಂಥ ರಬ್ಬರ್ ಗ್ಯಾಸ್ಕೆಟ್ ಕಿತ್ತುಹೋಗುತ್ತದೆ. ಫಿಲ್ಟರ್ ಸ್ಥಾನದಲ್ಲಿದ್ದಾಗಲೂ ವೇಸ್ಟ್ ಪೈಪಿನಲ್ಲಿ ನೀರು ಸೋರುತ್ತಿದ್ದರೆ ಅದೇ ಆಗಿದೆ ಎಂದರ್ಥ.

ಇನ್‌ಲೆಟ್‌ನಲ್ಲಿ ಗುಳ್ಳೆ ಬಂದರೆ ಪಂಪಿಗಿಂತ ಮುಂಚಿನ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಹತ್ತರಲ್ಲಿ ಎಂಟು ಸಲ ಪಂಪಿನ ಮುಂದೆ ಕಸ ಹಿಡಿಯುವ ಸ್ಟ್ರೈನರ್ ಮುಚ್ಚಳದ ಓರಿಂಗೇ ಕಾರಣ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ, ಸಿಲಿಕೋನ್ ಗ್ರೀಸ್ ತನ್ನಿ. ಮೊದಲ ಮಳೆಯ ರಾತ್ರಿ ದೀಪಕ್ಕೆ ಬರುವ ರೆಕ್ಕೆ ಗೆದ್ದಲು, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯನ್ನು ಒಂದೇ ಗಂಟೆಯಲ್ಲಿ ಮುಚ್ಚಿಬಿಡುತ್ತವೆ. ನೀರು ಸಿಗದೆ ಓಡಿದ ಪಂಪಿನ ಮೆಕ್ಯಾನಿಕಲ್ ಸೀಲ್ ಸುಡುತ್ತದೆ, ಮೋಟರಿಗೂ ಪಂಪಿಗೂ ನಡುವೆ ಹನಿಯತೊಡಗುತ್ತದೆ. ಹಾಗೇ ಬಿಟ್ಟರೆ ಮುಂದಿನದು ಬೇರಿಂಗ್. ಆ ರಾತ್ರಿ ಪೂಲ್ ದೀಪ ಹಾಕುವುದೇ ಬೇಡ.

ಎಲ್ಲ ಮಾಡಿಯೂ ಹಸಿರಾದರೆ ಮೈಲುತುತ್ತದ (ಕಾಪರ್ ಸಲ್ಫೇಟ್) ಕಡೆ ಕೈ ಹಾಕಬೇಡಿ. ತೋಟಕ್ಕೆ ಬೋರ್ಡೋ ಮಾಡುವ ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ತಾಮ್ರ ಗ್ರೌಟಿನಲ್ಲಿ ಕಲೆಯಾಗಿ ಕೂರುತ್ತದೆ. ನಾನು ಮಾಡುವುದು ಇಷ್ಟು: ಮೊದಲು ಪಿಎಚ್ 7.2ಕ್ಕೆ, ಆಮೇಲೆ ಸಯನೂರಿಕ್ ಆಸಿಡ್ಡಿನ 40% ಮಟ್ಟಕ್ಕೆ ಕ್ಲೋರಿನ್. ಅದು 40 ಇದ್ದರೆ ಕ್ಲೋರಿನ್ 16 ಪಿಪಿಎಂ, 10% ಹೈಪೋ ಆರೂಮುಕ್ಕಾಲು ಲೀಟರ್. ಗೋಡೆ, ಮೆಟ್ಟಿಲ ಸಂದು, ಏಣಿಯ ಹಿಂಭಾಗ ಉಜ್ಜಿ, ಪಂಪ್ ಬಿಡದೆ ಓಡಿಸಿ, ಕ್ಲೋರಿನ್ ಇಳಿದಂತೆ ಮತ್ತೆ ಏರಿಸುತ್ತಾ ಹೋಗಬೇಕು. ಈ ಹೊತ್ತಿನಲ್ಲಿ ಪಿಎಚ್ ಪರೀಕ್ಷೆ ನಂಬಬೇಡಿ, ಅತಿ ಕ್ಲೋರಿನ್‌ಗೆ ಪಿಎಚ್ ತೋರಿಸುವ ಫಿನಾಲ್ ರೆಡ್ ನೇರಳೆಯಾಗಿ ಸುಳ್ಳು ಓದು ಕೊಡುತ್ತದೆ. ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆಯ ಗುಲಾಬಿ ಬಣ್ಣವೂ ಮಿಂಚಿ ಮಾಯವಾಗಿ ಸೊನ್ನೆಯಂತೆ ಕಾಣುತ್ತದೆ. ಒಂದು ಪಾಲು ಪೂಲ್ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ. ಸಂಜೆ ಅಳೆದದ್ದಕ್ಕೂ ಬೆಳಗ್ಗೆ ಬಿಸಿಲು ಬೀಳುವ ಮುನ್ನ ಅಳೆದದ್ದಕ್ಕೂ ವ್ಯತ್ಯಾಸ 1 ಪಿಪಿಎಂಗಿಂತ ಕಡಿಮೆ ಇದ್ದರೆ ಪಾಚಿ ಸತ್ತಿದೆ.

ಆಮೇಲೂ ನೀರು ಒಂದೆರಡು ದಿನ ಹಾಲುಬಣ್ಣದಲ್ಲಿರುತ್ತದೆ. ಆಳದ ತುದಿಯಲ್ಲಿ ನಿಂತು ನೋಡಿದಾಗ ತಳದ ಡ್ರೈನ್ ಮುಚ್ಚಳದ ಸ್ಕ್ರೂಗಳು ಬಿಡಿಬಿಡಿಯಾಗಿ ಕಾಣುವ ತನಕ ಮನೆಯ ಮಕ್ಕಳಿರಲಿ, ಈಜು ಬಲ್ಲ ದೊಡ್ಡವರಿರಲಿ, ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಮಬ್ಬು ನೀರಿನಲ್ಲಿ ಮುಳುಗಿದವರು ದಂಡೆಯಲ್ಲಿ ನಿಂತವರಿಗೆ ಕಾಣುವುದಿಲ್ಲ.